ಟೇಕಡಿ (ಗುಡ್ಡ) ವಾಕಿಂಗ್‌ನಲ್ಲಿ ಹಕ್ಕಿ, ಹೂವು, ಹುಳು ಗುರುತಿಸುವುದು: ಪುಣೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಪುಣೆಯಲ್ಲಿರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. "ದಿನಾ ವೇತಾಳ ಟೇಕಡಿ ಹತ್ತುತ್ತೇವೆ, ನವಿಲು ಬಿಟ್ಟರೆ ಏನೂ ಕಣ್ಣಿಗೆ ಬೀಳುವುದಿಲ್ಲ, ಯಾಕೆ?" ಇದು ಒಂದು. "ಒಂದೇ ಹೂವಿಗೆ ಆ್ಯಪ್ ದಿನಕ್ಕೊಂದು ಹೆಸರು ಹೇಳುತ್ತದೆ, ಯಾವುದನ್ನು ನಂಬುವುದು?" ಇದು ಇನ್ನೊಂದು.

ಎರಡಕ್ಕೂ ಕಾರಣ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿದೆ. ಹೆಚ್ಚಿನವರು ನಡೆಯುತ್ತಲೇ ಫೋನ್ ತೆಗೆದು, ಮೊದಲು ಹೆಸರು ಹುಡುಕಿ, ಆಮೇಲೆ ನೋಡುತ್ತಾರೆ. ಸರಿಯಾದ ಕ್ರಮ ಹೀಗೆ: ನಿಲ್ಲಬೇಕು, ನೋಡಬೇಕು, ಬರೆಯಬೇಕು, ಫೋಟೋ ತೆಗೆಯಬೇಕು. ಹೆಸರು ಎಲ್ಲಕ್ಕಿಂತ ಕೊನೆಗೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಬಾಣೇರ್-ಪಾಷಾಣ್ ಗುಡ್ಡ, ಎಲ್ಲಿಗೆ ಹೋದರೂ ಇದೇ ಕ್ರಮ.

## ಹೊರಡುವ ಮೊದಲು: ಏನೇನು ಬೇಕು

ಜೇಬಿಗೆ ಹಿಡಿಯುವ ಒಂದು ಪುಸ್ತಕ, ಒಂದು ಪೆನ್ಸಿಲ್. ಪೆನ್ ಬೇಡ, ಮಳೆಯಲ್ಲಿ ಶಾಯಿ ಹರಡುತ್ತದೆ. ಫೋನ್ ಇದ್ದೇ ಇರುತ್ತದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಗನ್ನಡಿ ಒಂದು ಕೊಳ್ಳಿ. ಅಕ್ಕಸಾಲಿಗರು ಬಳಸುವಂಥದ್ದೇ ಸಾಕು.

ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ತೆಗೆದುಕೊಳ್ಳಿ. 8 ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಪಟ್ಟು ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದುಕೊಂಡು 16, 20 ಪಟ್ಟಿನದು ತರುವವರಿದ್ದಾರೆ. ಅದು ಕೈಯಲ್ಲಿ ನಡುಗುತ್ತದೆ, ಕಾಣುವ ಜಾಗವೂ ಕಿರಿದು, ಹಕ್ಕಿ ಸಿಕ್ಕುವುದೇ ಇಲ್ಲ. ದೊಡ್ಡ ಲೆನ್ಸಿನ ಕ್ಯಾಮೆರಾ ಮೊದಲ ವರ್ಷ ಬೇಡವೇ ಬೇಡ.

ಉದ್ದ ಪ್ಯಾಂಟು, ಮುಚ್ಚಿದ ಬೂಟು, ಮಾಸಲು ಬಣ್ಣದ ಅಂಗಿ, ನೀರು. ಇಷ್ಟೇ.

## ಹಂತ 1: ಇಡೀ ದಾರಿ ಬೇಡ, ಒಂದು ತುಂಡು ಆರಿಸಿ

ನೀವು ದಿನಾ ನಡೆಯುವ ದಾರಿಯಲ್ಲಿ 400–500 ಮೀಟರಿನ ಒಂದು ತುಂಡನ್ನು ಗೊತ್ತು ಮಾಡಿಕೊಳ್ಳಿ. ಉಳಿದ ದಾರಿಯಲ್ಲಿ ಎಷ್ಟು ಬೇಕಾದರೂ ವೇಗವಾಗಿ ನಡೆಯಿರಿ, ಹೆಜ್ಜೆ ಎಣಿಸಿ, ನಿಮ್ಮಿಷ್ಟ. ಈ ತುಂಡಿನಲ್ಲಿ ಮಾತ್ರ ನಿಧಾನ.

ತುಂಡಿನಲ್ಲಿ ಮೂರು ಇರಲಿ: ಬಯಲು ಹುಲ್ಲು, ಮರಗಳ ಅಂಚು, ಒಂದಿಷ್ಟು ನೀರು ಅಥವಾ ಒದ್ದೆ ಬಂಡೆ. ಹುಲ್ಲು ಮುಗಿದು ಮರ ಶುರುವಾಗುವ ಅಂಚಿನಲ್ಲಿ ಎರಡೂ ಕಡೆಯ ಜೀವಿಗಳು ಸಿಗುತ್ತವೆ.

ಸಾಮಾನ್ಯ ತಪ್ಪು: ತಂಪಾಗಿದೆ ಎಂದು ದಟ್ಟ ನೆರಳಿನ ದಾರಿ ಆರಿಸುವುದು. ನಮ್ಮ ಟೇಕಡಿಗಳ ಅಂಥ ನೆರಳು ಬಹಳಷ್ಟು ಕಡೆ ಗ್ಲಿರಿಸಿಡಿಯಾದ್ದು. ಅದು ಮಧ್ಯ ಅಮೆರಿಕದ ಮರ, ಇಲ್ಲಿ ನೆಟ್ಟು ಬೆಳೆಸಿದ್ದು. ಅದರ ಕೆಳಗೆ ಹೂಗಿಡಗಳು ಕಡಿಮೆ, ಕೊಂಬೆಗಳ ನಡುವೆ ಹಕ್ಕಿ ಕಾಣುವುದೂ ಕಷ್ಟ. ಬೋಳಾಗಿ ಕಾಣುವ ಹುಲ್ಲುಗಾವಲು, ತೆಳು ಮಣ್ಣಿನ ಕರಿಗಲ್ಲು, ಇವೇ ಈ ಗುಡ್ಡಗಳ ಅಸಲಿ ಸಂಪತ್ತು. "ಇಲ್ಲಿ ಏನೂ ಇಲ್ಲ" ಎಂದು ಜನ ದಾಟಿಹೋಗುವ ಜಾಗದಲ್ಲೇ ನಿಲ್ಲಿ.

## ಹಂತ 2: ಏನು ನೋಡಬೇಕೋ ಅದಕ್ಕೆ ತಕ್ಕ ಹೊತ್ತು

ಹಕ್ಕಿಗಳಿಗೆ ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ಗಂಟೆ. ಪುಣೆಯಲ್ಲಿ ಜೂನ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಹುಟ್ಟಿದರೆ, ಜನವರಿಯಲ್ಲಿ ಏಳು ದಾಟುತ್ತದೆ. ಜನವರಿಯ ಐದೂವರೆಗೆ ಹೋದರೆ ಕಾಣುವುದು ಮಫ್ಲರು, ಸ್ವೆಟರು ಮಾತ್ರ.

ಚಿಟ್ಟೆಗಳಿಗೆ ಬಿಸಿಲು ಬೇಕು, ಒಂಬತ್ತರ ಮೇಲೆ ಹೋಗಿ. ಹೂವುಗಳಲ್ಲಿ ಕೆಲವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಸಂಜೆ ಮಾತ್ರ ವಾಕಿಂಗ್ ಹೋಗುವವರು ವಾರಕ್ಕೊಂದು ದಿನವಾದರೂ ಬೆಳಿಗ್ಗೆಗೆ ಬದಲಿಸಿಕೊಳ್ಳಿ. ಮಳೆಗಾಲದಲ್ಲಿ ಎರಡು ಮಳೆಗಳ ನಡುವಿನ ಹೊಳವು ಬಹಳ ಚೆನ್ನ.

## ಹಂತ 3: ಬೈನಾಕ್ಯುಲರ್ ಮನೆಯಲ್ಲೇ ಸರಿಮಾಡಿಕೊಳ್ಳಿ

"ಮಸುಕಾಗಿ ಕಾಣುತ್ತೆ" ಎಂದು ಒಂದೇ ವಾರಕ್ಕೆ ಅಟ್ಟಕ್ಕೇರಿಸಿದ ಬೈನಾಕ್ಯುಲರುಗಳು ಎಷ್ಟೋ. ಹೆಚ್ಚಿನವು ಕೆಟ್ಟಿರುವುದಿಲ್ಲ, ಹೊಂದಿಸಿರುವುದಿಲ್ಲ ಅಷ್ಟೇ.

ಬಾಲ್ಕನಿಯಲ್ಲಿ ನಿಂತು ದೂರದ ಒಂದು ಬೋರ್ಡನ್ನು ಗುರಿ ಮಾಡಿ. ಎರಡೂ ಕೊಳವೆಗಳನ್ನು ಅಗಲಿಸಿ, ಕುಗ್ಗಿಸಿ, ಒಂದೇ ದುಂಡನೆ ಚಿತ್ರ ಕಾಣುವಂತೆ ಮಾಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ ಸ್ಪಷ್ಟ ಮಾಡಿ. ಆ ಬಳೆ ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಇನ್ನು ಮೇಲೆ ನಡುವಿನ ಚಕ್ರವೊಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಒತ್ತಿಯೋ ತಿರುಗಿಸಿಯೋ ತಗ್ಗಿಸಬೇಕು.

ಹಕ್ಕಿ ಕಂಡಾಗ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ನೋಟ ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರನ್ನು ಕಣ್ಣಿನ ಹತ್ತಿರಕ್ಕೆ ಎತ್ತಿ. ಕೂತ ಕಾಗೆಯ ಮೇಲೆ ಇದನ್ನು ಅಭ್ಯಾಸ ಮಾಡಿ. ಕಾಗೆಗೇನೂ ಬೇಜಾರಿಲ್ಲ.

## ಹಂತ 4: ನಿಲ್ಲುವುದು

ನಿಮ್ಮ ತುಂಡಿನಲ್ಲಿ ಮೂರು ಕಡೆ ನಿಲ್ಲಿ, ಒಂದೊಂದು ಕಡೆ ಐದು ನಿಮಿಷ. ಇಯರ್‌ಫೋನ್ ಜೇಬಿಗೆ. ಆಫೀಸಿನ ಕಾಲ್ ಇದ್ದರೆ ಅದನ್ನು ಮುಗಿಸಿಯೇ ಬನ್ನಿ.

ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ನಿಮ್ಮ ಹೆಜ್ಜೆ ಸದ್ದಿಗೆ ಸುಮ್ಮನಾದ ಹಕ್ಕಿಗಳು ಮತ್ತೆ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು. ಬಹಳ ಜನ ಸರಿಯಾಗಿ ಆ ಹೊತ್ತಿಗೇ ಹೊರಟುಬಿಡುತ್ತಾರೆ.

ನೋಡುವುದಕ್ಕೂ ಒಂದು ಕ್ರಮ ಇರಲಿ. ಮೊದಲು ಒಣಗಿದ ತುದಿಕೊಂಬೆ ಮತ್ತು ತಂತಿ, ಆಮೇಲೆ ಪೊದೆಯ ನಡು, ಆಮೇಲೆ ನೆಲ. ಹಕ್ಕಿಯ ಆಕಾರ ಹುಡುಕಬೇಡಿ, ಅಲುಗಾಟ ಹುಡುಕಿ. ಕಳ್ಳಿಪೀರ (ಮರಾಠಿಯವರ ವೇಡಾ ರಾಘೂ) ತಂತಿಯಿಂದ ಹಾರಿ, ಗಾಳಿಯಲ್ಲೇ ಹುಳ ಹಿಡಿದು, ಬಹುತೇಕ ಅದೇ ಜಾಗಕ್ಕೆ ಮರಳಿ ಕೂರುತ್ತದೆ. ಒಮ್ಮೆ ತಪ್ಪಿಹೋದರೂ ಅಲ್ಲೇ ಕಾಯಿರಿ, ಬರುತ್ತದೆ.

## ಹಂತ 5: ಹಕ್ಕಿ ಕಂಡರೆ ಬರೆಯಬೇಕಾದ್ದು

ಆ್ಯಪ್ ತೆರೆಯುವ ಮೊದಲು ಇಷ್ಟನ್ನು ಬರೆಯಿರಿ.

ಗಾತ್ರ: ಗುಬ್ಬಿಯಷ್ಟೇ, ಮೈನಾದಷ್ಟೇ, ಕಾಗೆಯಷ್ಟೇ? ಈ ಮೂರು ಅಳತೆ ಸಾಕು. ಕೊಕ್ಕು: ದಪ್ಪವೋ, ಸೂಜಿಯಂತೆಯೋ, ಕೊಂಡಿಯಂತೆ ಬಾಗಿದೆಯೋ? ಬಾಲ: ಉದ್ದ, ಕವಲು, ಕುಣಿಸುತ್ತಿದೆಯೇ? ಏನು ಮಾಡುತ್ತಿತ್ತು, ಎಲ್ಲಿ ಕೂತಿತ್ತು? ಬಣ್ಣ ಕೊನೆಗೆ. ಬೆಳಗಿನ ಬೆಳಕಿಗೆ ಎದುರಾಗಿ ಕೂತರೆ ಎಲ್ಲ ಹಕ್ಕಿಯೂ ಕಪ್ಪೇ.

ಟೇಕಡಿಯಲ್ಲಿ ಹೊಸಬರು ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಕಪ್ಪು ಹಕ್ಕಿ, ಬಾಲ ಆಳವಾಗಿ ಕವಲೊಡೆದಿದ್ದರೆ ಕಾಜಾಣ. ಬಾಲ ಕವಲಿಲ್ಲದೆ, ಕಣ್ಣು ಕೆಂಪಗೆ, ಕೊಕ್ಕು ತಿಳಿ ಹಸಿರಾಗಿದ್ದರೆ ಗಂಡು ಕೋಗಿಲೆ. ಹೆಣ್ಣು ಕೋಗಿಲೆಗೆ ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟೆ. ಅದನ್ನು ಗಿಡುಗ ಎಂದುಕೊಳ್ಳುವವರು ತುಂಬಾ. ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ, ಪೊದೆಯ ಬುಡದಲ್ಲಿ ಭಾರವಾಗಿ ನಡೆಯುತ್ತಿದ್ದರೆ ಕೆಂಬೂತ, ಇಲ್ಲಿಯವರ ಭಾರದ್ವಾಜ. ಆಕಾಶದಲ್ಲಿ ಸುತ್ತುವ ಕಂದು ಹದ್ದಿನ ಬಾಲದ ತುದಿ ಸ್ವಲ್ಪ ಒಳಕ್ಕೆ ಕೊರೆದಂತಿರುತ್ತದೆ. ಹಾಗಿಲ್ಲದೆ ಬಾಲ ದುಂಡಗಿದ್ದರೆ ಬೇರೆ ಯಾವುದೋ ಬೇಟೆಹಕ್ಕಿ, ಗಮನವಿಟ್ಟು ನೋಡಿ.

ಗೀಜಗದ ವಿಷಯದಲ್ಲಿ ತಿಂಗಳೂ ಮುಖ್ಯ. ಮಳೆಗಾಲದಲ್ಲಿ ಗಂಡಿನ ತಲೆ ಹಳದಿ. ಉಳಿದ ಕಾಲದಲ್ಲಿ ಅದು ಹೆಣ್ಣು ಗುಬ್ಬಿಯಂತೆಯೇ ಕಾಣುತ್ತದೆ. ನವಿಲಿನ ಕಥೆಯೂ ಹೀಗೇ: ಮಳೆ ಮುಗಿಯುವ ಹೊತ್ತಿಗೆ ಗಂಡಿನ ಉದ್ದ ಗರಿಗಳು ಉದುರುತ್ತವೆ. ಅಕ್ಟೋಬರ್‌ನಲ್ಲಿ ಕಂಡ "ಹೆಣ್ಣು ನವಿಲು" ನಿಜಕ್ಕೂ ಹೆಣ್ಣೇ ಎಂದು ಕತ್ತು ನೋಡಿ ಖಚಿತ ಮಾಡಿಕೊಳ್ಳಿ, ನೀಲಿ ಇದ್ದರೆ ಗಂಡು.

ಸದ್ದು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಉಪಯೋಗದ್ದೇ. ಆದರೆ ಅದು ಕೊಡುವುದು ಸುಳಿವು, ತೀರ್ಪಲ್ಲ. ಕಾಜಾಣ ಬೇರೆ ಹಕ್ಕಿಗಳ ದನಿ ಅಣಕಿಸುತ್ತದೆ, ಶಿಕ್ರಾ ಗಿಡುಗದ ಕೂಗನ್ನೂ ಕೂಗುತ್ತದೆ. ಕಣ್ಣಿಗೆ ಕಾಣದ್ದನ್ನು ಪಟ್ಟಿಗೆ ಸೇರಿಸುವಾಗ ಪಕ್ಕದಲ್ಲಿ "ಸದ್ದು ಮಾತ್ರ" ಎಂದು ಬರೆಯಿರಿ. ಫೋನಿನಿಂದ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯುವುದು ಮಾತ್ರ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದ ಎಂದುಕೊಂಡು ಹಕ್ಕಿ ಗೂಡು, ಮೇವು ಬಿಟ್ಟು ಸುಮ್ನೆ ಒದ್ದಾಡುತ್ತದೆ.

## ಹಂತ 6: ಹೂವು — ಒಂದು ಫೋಟೋ ಸಾಲದು

ಹೂವಿನ ಹೆಸರು ಸಿಗದಿರಲು ಮುಖ್ಯ ಕಾರಣ, ಮೇಲಿನಿಂದ ತೆಗೆದ ಒಂದೇ ಒಂದು ಚಂದದ ಫೋಟೋ. ಗುರುತಿಸುವವರಿಗೆ ಬೇಕಾದ್ದು ಅದಲ್ಲ.

ಐದು ಫೋಟೋ ತೆಗೆಯಿರಿ, ಈ ಕ್ರಮದಲ್ಲಿ:

1. ಇಡೀ ಗಿಡ, ಸುತ್ತಲ ನೆಲದ ಜೊತೆ.
2. ಎಲೆ ಕಾಂಡಕ್ಕೆ ಸೇರುವ ಜಾಗ. ಎದುರುಬದುರು ಇವೆಯೋ, ಒಂದು ಬಿಟ್ಟು ಒಂದೋ ಎಂಬುದು ಕಾಣಬೇಕು.
3. ಹೂವು ಎದುರಿನಿಂದ.
4. ಹೂವು ಪಕ್ಕದಿಂದ, ಹಿಂಬದಿಯ ಹಸಿರು ಪುಷ್ಪಪಾತ್ರೆ ಕಾಣುವಂತೆ.
5. ಕಾಯಿ ಅಥವಾ ಮೊಗ್ಗು, ಪಕ್ಕದಲ್ಲಿ ಅಳತೆಗೆ ಬೆರಳು ಅಥವಾ ನಾಣ್ಯ.

ಫೋನ್ ಸಣ್ಣ ಹೂವನ್ನು ಬಿಟ್ಟು ಹಿಂದಿನ ಹುಲ್ಲಿಗೆ ಫೋಕಸ್ ಮಾಡುತ್ತದೆ, ಅಲ್ವಾ? ಹೂವಿನ ಹಿಂದೆ ನಿಮ್ಮ ಅಂಗೈ ಹಿಡಿಯಿರಿ, ತಕ್ಷಣ ಸರಿಹೋಗುತ್ತದೆ. ಬಿಸಿಲು ಜೋರಾಗಿದ್ದರೆ ನಿಮ್ಮ ನೆರಳನ್ನು ಹೂವಿನ ಮೇಲೆ ಬೀಳಿಸಿ. ಭೂತಗನ್ನಡಿಯನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ಇಣುಕಬೇಡಿ. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವಿನ ಕಡೆಗೆ ಬಗ್ಗಬೇಕು. ಹೂವು ಕೀಳುವ ಅಗತ್ಯ ಎಲ್ಲೂ ಬರುವುದಿಲ್ಲ.

ಬಣ್ಣ ನಂಬಬೇಡಿ. ಲಂಟಾನದ ಒಂದೇ ಗೊಂಚಲಿನಲ್ಲಿ ಹಳದಿಯೂ ಇರುತ್ತದೆ, ಗುಲಾಬಿಯೂ ಇರುತ್ತದೆ, ಹೂವು ಹಳತಾದಂತೆ ಬಣ್ಣ ತಿರುಗುತ್ತದೆ. ಅಣ್ಣೆ ಸೊಪ್ಪಿನ (ಇಲ್ಲಿ ಕುರ್ಡು) ತೆನೆ ತುದಿಯಲ್ಲಿ ಗುಲಾಬಿ, ಬುಡದಲ್ಲಿ ಬೆಳ್ಳಿ ಬಿಳುಪು. ಅದೂ ಅಲ್ಲದೆ ನೀಲಿ ಹೂವನ್ನು ಎಷ್ಟೋ ಫೋನುಗಳು ನೇರಳೆ ಮಾಡಿಬಿಡುತ್ತವೆ. ದಳ ಎಣಿಸಿ, ಆಕಾರ ನೋಡಿ.

ಮಳೆಗಾಲದ ಸಣ್ಣ ನೀಲಿ ಹೂವುಗಳು ಇದಕ್ಕೆ ಒಳ್ಳೆಯ ಪಾಠ. ಟೇಕಡಿಯ ಮೇಲೆ ಎಲ್ಲರೂ ಇವನ್ನು ಒಂದೇ ಎಂದುಕೊಳ್ಳುತ್ತಾರೆ. ದೋಣಿಯಂತೆ ಮಡಚಿದ ಹಸಿರು ಎಲೆಯೊಳಗಿಂದ ಹೂವು ಹೊರಬಂದಿದ್ದು, ಎರಡು ದಳ ದೊಡ್ಡವು, ಮೂರನೆಯದು ಚಿಕ್ಕದಾಗಿದ್ದರೆ ಅದು ಕನ್ನೆ ಸೊಪ್ಪಿನ ಜಾತಿ, ಮರಾಠಿಯಲ್ಲಿ ಕೇನಾ. ದೋಣಿ ಇಲ್ಲದೆ, ಮೂರೂ ದಳ ಒಂದೇ ಸಮ ಇದ್ದರೆ ಮರ್ಡಾನಿಯಾ. ಕೇಸರದ ಕಡ್ಡಿಗಳಿಗೆಲ್ಲ ನವಿರಾದ ಕೂದಲಿದ್ದು, ಹೂವು ತುಪ್ಪಳ ಅಂಟಿಸಿಕೊಂಡಂತೆ ಕಂಡರೆ ಸಯನೋಟಿಸ್. ಮೂರೂ ಒಂದೇ ಕುಟುಂಬದವು. ಐದು ದಳ ಸೇರಿ ಪುಟ್ಟ ತಟ್ಟೆಯಂತಾಗಿ, ನೆಲಕ್ಕೆ ಹರಡಿದ ಬಳ್ಳಿಯಲ್ಲಿದ್ದರೆ ವಿಷ್ಣುಕ್ರಾಂತಿ. ಅದು ಬೇರೆಯೇ ಕುಟುಂಬ. ಭೂತಗನ್ನಡಿಯ ಹಣ ಇಲ್ಲೇ ವಸೂಲಾಗುತ್ತದೆ.

ಗುಡ್ಡದ ಮೇಲೆ ಮೇಕೆ ಮೇಯಿಸುವವರು, ವರ್ಷಗಟ್ಟಲೆ ಹತ್ತುತ್ತಿರುವ ಹಿರಿಯರು ಸಿಕ್ಕರೆ ಕೇಳಿ: "ಕಾಕಾ, ಹೇ ಕಸ್ಲಂ ಫೂಲ್ ಆಹೇ?" ಮರಾಠಿ ಹರುಕುಮುರುಕಾದರೂ ಪರವಾಗಿಲ್ಲ, ಖುಷಿಯಿಂದ ಹೇಳುತ್ತಾರೆ. ಹೇಳಿದ ಹೆಸರನ್ನು ಕೇಳಿದ ಹಾಗೇ ಬರೆದುಕೊಳ್ಳಿ, ವೈಜ್ಞಾನಿಕ ಹೆಸರು ಆಮೇಲೆ ಜೋಡಿಸಬಹುದು.

## ಹಂತ 7: ಹುಳ, ಚಿಟ್ಟೆಗೆ ಮೊದಲು ಗಿಡ ಹುಡುಕಿ

ಹಾರುವ ಚಿಟ್ಟೆಯ ಹಿಂದೆ ಓಡುವುದು ದಂಡ. ಅದರ ಗಿಡ ಗೊತ್ತಿದ್ದರೆ ಅದೇ ಬರುತ್ತದೆ. ಎಕ್ಕದ ಗಿಡದ ಪಕ್ಕ ನಿಲ್ಲಿ, ಎಲೆಯ ಅಡಿಭಾಗ ಬಗ್ಗಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ ಇದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕದ ವಿಷ ಮೈಗೂಡಿಸಿಕೊಂಡ ಈ ಚಿಟ್ಟೆಯನ್ನು ಹಕ್ಕಿಗಳು ತಿನ್ನಲು ಹಿಂಜರಿಯುತ್ತವೆ. ಡನೇಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ಇದರದ್ದೇ ವೇಷ ಹಾಕುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರು ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅಸಲಿ, ಮೇಲಂಚಿನಲ್ಲಿ ಒಂದೇ ಚುಕ್ಕೆ ಇದ್ದರೆ ವೇಷಧಾರಿ.

ಗುಡ್ಡಕ್ಕೆ ಹೋಗಲಾಗದ ದಿನ ಬಾಲ್ಕನಿಯ ಕರಿಬೇವಿನ ಕುಂಡ ನೋಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಇದ್ದರೆ ಒಗ್ಗರಣೆಗೆ ಆ ಕೊಂಬೆ ಬೇಡ. ಅದು ಕೆಲವೇ ವಾರಗಳಲ್ಲಿ ಚಿಟ್ಟೆಯಾಗುತ್ತದೆ.

## ಹಂತ 8: ಹಿಂದೆ ಸರಿಯಬೇಕಾದ ಸೂಚನೆಗಳು

ಟಿಟ್ಟಿಭ (ಟಿಟವಿ) ಕಿರುಚುತ್ತಾ ನಿಮ್ಮ ತಲೆಯ ಮೇಲೇ ಸುತ್ತುತ್ತಿದ್ದರೆ ಅಲ್ಲೇ ನಿಲ್ಲಿ. ಅದರ ಮೊಟ್ಟೆ ಅಥವಾ ಮರಿ ನಿಮ್ಮ ಕಾಲಿನ ಹತ್ತಿರವೇ ನೆಲದ ಮೇಲಿದೆ. ಮೊಟ್ಟೆ ಜಲ್ಲಿಕಲ್ಲಿನ ಬಣ್ಣ, ಹುಡುಕಲು ಹೋದರೆ ತುಳಿದೇ ಬಿಡುತ್ತೀರಿ. ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ.

ಕಂದು ಮಖಮಲ್ಲಿನಂಥ ಬಾಗಿದ ಕಾಯಿಗಳ ಬಳ್ಳಿ ಕಂಡರೆ ಮುಟ್ಟಬೇಡಿ. ಅದು ನಸುಗುನ್ನಿ, ಮರಾಠಿಯ ಖಾಜಕುಯಿಲಿ. ಮೈಗೆ ತಗುಲಿದರೆ ಉಜ್ಜಬೇಡಿ, ರೋಮ ಇನ್ನಷ್ಟು ಹರಡುತ್ತದೆ. ಅಂಟುಪಟ್ಟಿ ಒತ್ತಿ ಕಿತ್ತು, ಆಮೇಲೆ ತೊಳೆಯಿರಿ. ಕೆಂಪು-ಹಳದಿ ಜ್ವಾಲೆಯಂಥ ಅಗ್ನಿಶಿಖೆ (ಕಳಲಾವಿ) ನೋಡಲು ಚಂದ, ಗಡ್ಡೆ ಸಮೇತ ಇಡೀ ಗಿಡ ವಿಷ. ಮನೆಗೆ ತರಬೇಡಿ. ಕಾಂಗ್ರೆಸ್ ಕಳೆಯ ಪೊದೆಯೊಳಗೆ ನುಗ್ಗಿದರೆ ಚರ್ಮದ ಅಲರ್ಜಿ ಇರುವವರಿಗೆ ಕಷ್ಟ.

ಹಾವಿನ ವಿಷಯ. ಕೊಳಕು ಮಂಡಲ (ಘೋಣಸ್), ನಾಗರ, ಕಟ್ಟುಹಾವು ಮೂರೂ ಈ ಭಾಗದಲ್ಲಿವೆ. ಎತ್ತರದ ಹುಲ್ಲಿನಲ್ಲಿ ಕಾಲಿಡುವ ಜಾಗ ಕಾಣದಿದ್ದರೆ ಅಲ್ಲಿ ಹೋಗಬೇಡಿ. ಫೋಟೋಗೆ ಕಲ್ಲು ಎತ್ತಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ, ಕೈಕಾಲು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಾವಿನ ಹಿಂದೆ ಹೋಗಿ ಫೋಟೋ ತೆಗೆಯುವುದು ಎರಡನೇ ಕಡಿತಕ್ಕೆ ಆಹ್ವಾನ.

ಬಂಡೆಯಲ್ಲೋ ಎತ್ತರದ ಮರದಲ್ಲೋ ಹೆಜ್ಜೇನು ಕಂಡರೆ ದೂರ ಇರಿ, ಸೆಂಟು ಹಾಕಿಕೊಂಡ ದಿನವಂತೂ ಇನ್ನೂ ದೂರ. ಹಳೆಯ ಕಲ್ಲುಕ್ವಾರಿಗಳ ಅಂಚು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಕೆಳಗೆ ಆಳ ನೀರು ಇರುತ್ತದೆ. ಕತ್ತಲಾದ ಮೇಲೆ ಒಂಟಿಯಾಗಿ ಹೋಗುವುದು ಬೇಡ.

ನವಿಲಿಗೆ ಕಾಳು, ಚಪಾತಿ ಹಾಕುವ ಅಭ್ಯಾಸ ಇರುವವರಿಗೆ ಒಂದು ಮಾತು. ಜನರನ್ನು ನಂಬಿ ಹತ್ತಿರ ಬಂದ ನವಿಲಿಗೆ ನಾಯಿಯ ಭಯವೂ ಕಡಿಮೆಯಾಗುತ್ತದೆ. ಪುಣ್ಯ ಬೇರೆ ಎಲ್ಲಾದರೂ ಮಾಡಿ.

## ಹಂತ 9: ಮನೆಗೆ ಬಂದು ಹೆಸರು ಹುಡುಕಿ

ಈಗ ಆ್ಯಪ್ ತೆರೆಯಿರಿ. ಹೂವು, ಹುಳುಗಳಿಗೆ ಐನ್ಯಾಚುರಲಿಸ್ಟ್, ಹಕ್ಕಿಪಟ್ಟಿಗೆ ಇಬರ್ಡ್. ಐನ್ಯಾಚುರಲಿಸ್ಟ್‌ಗೆ ಐದೂ ಫೋಟೋಗಳನ್ನು ಒಂದೇ ದಾಖಲೆಯಾಗಿ ಹಾಕಿ. ಐದು ಬೇರೆ ಬೇರೆ ದಾಖಲೆ ಮಾಡಿದರೆ ಯಾರೂ ಜೋಡಿಸಿ ನೋಡುವುದಿಲ್ಲ.

ಆ್ಯಪ್ ಮೊದಲು ತೋರಿಸಿದ ಹೆಸರನ್ನು ಒತ್ತಿಬಿಡಬೇಡಿ. ಪುಸ್ತಕದಲ್ಲಿ ಬರೆದದ್ದರ ಜೊತೆ ಹೋಲಿಸಿ. "ಎಲೆ ಎದುರುಬದುರು" ಎಂದು ನೀವು ಬರೆದಿದ್ದು, ಆ್ಯಪ್ ಹೇಳಿದ ಗಿಡದ ಎಲೆ ಒಂದು ಬಿಟ್ಟು ಒಂದು ಇದ್ದರೆ ಆ ಹೆಸರು ತಪ್ಪು. ಜಾತಿ ಖಚಿತವಾಗದಿದ್ದರೆ ಕುಟುಂಬಕ್ಕೆ ನಿಲ್ಲಿಸಿ, ಅದರಲ್ಲಿ ಅವಮಾನವೇನಿಲ್ಲ.

ಆರ್ಕಿಡ್, ಸೆರೊಪೀಜಿಯಾ, ಸಫೇದ್ ಮುಸಳಿಯಂಥ ಅಪರೂಪದ ಗಿಡಗಳು ಸಿಕ್ಕರೆ ಸ್ಥಳವನ್ನು ಮಸುಕು ಮಾಡುವ ಆಯ್ಕೆ ಒತ್ತಿ. ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಹಂಚಲೇಬೇಡಿ. ಗಡ್ಡೆ ಅಗೆಯುವವರೂ ಫೋನ್ ನೋಡುತ್ತಾರೆ.

## ಹಂತ 10: ತಿಂಗಳಿಗೆ ತಕ್ಕಂತೆ ನಿರೀಕ್ಷೆ

ಮೊದಲ ಮಳೆಗೆ ಕೆಂಪು ಮಖಮಲ್ಲಿನ ಮಿರಗದ ಹುಳ, ನೆಲಕ್ಕಂಟಿದ ಹಳದಿ ಕಾಳಿ ಮುಸಳಿ ಹೂವು, ಜುಟ್ಟಿನ ಚಾತಕ ಪಕ್ಷಿ. ಜುಲೈ, ಆಗಸ್ಟ್‌ನಲ್ಲಿ ನೀಲಿ ಹೂವುಗಳು, ಗೀಜಗನ ಗೂಡು. ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಚಿಟ್ಟೆ, ಅಣ್ಣೆ ಸೊಪ್ಪು. ಸಿಂಹಗಡದ ಕಡೆ ಹೋದರೆ ಹಳದಿ ಸೋನ್ಕಿ ಹೂವು. ಚಳಿಗಾಲಕ್ಕೆ ಬಾಲ ಕುಣಿಸುವ ಕುಂಡೆಕುಸ್ಕಗಳು ಉತ್ತರದಿಂದ ಬರುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಬಿಟ್ಟ ಒಂದು ಬೂರುಗ ಅಥವಾ ಮುತ್ತುಗದ ಕೆಳಗೆ ಅರ್ಧ ಗಂಟೆ ಕೂತುಬಿಡಿ, ಮಕರಂದಕ್ಕೆ ಹಕ್ಕಿಗಳು ಸಾಲುಗಟ್ಟಿ ಬರುತ್ತವೆ. ಏಪ್ರಿಲ್, ಮೇ ತಿಂಗಳಿಗೆ ಕಕ್ಕೆ ಹೂವು.

## ಇಷ್ಟಾದರೂ ಆಗದಿದ್ದರೆ

ಏನೂ ಕಾಣುತ್ತಿಲ್ಲವೇ? ನಿಂತ ಜಾಗ ಬದಲಿಸಿ ನೋಡಿ, ಸೂರ್ಯ ಬೆನ್ನಿಗಿರಲಿ. ಹೆಸರುಗಳು ನೆನಪಿರುವುದಿಲ್ಲವೇ? ವಾರಕ್ಕೆ ಎರಡೇ ಹೊಸ ಹೆಸರು ಸಾಕು, ಉಳಿದವಕ್ಕೆ "ನೀಲಿ, ಮೂರು ದಳ, ಕ್ವಾರಿ ಪಕ್ಕ" ಎಂದು ಬರೆದಿಡಿ. ಫೋಟೋ ಹಾಕಿ ತಿಂಗಳಾದರೂ ಯಾರೂ ಗುರುತಿಸಲಿಲ್ಲವೇ? ಅದೇ ಗಿಡಕ್ಕೆ ಮತ್ತೆ ಹೋಗಿ ಕಾಯಿಯ ಫೋಟೋ ಸೇರಿಸಿ. ಬಹಳ ಸಲ ಅಲ್ಲಿಗೇ ಉತ್ತರ ಸಿಗುತ್ತದೆ.

ಮನೆಯವರು ಜೊತೆಗೆ ಬಂದು ಬೇಜಾರಾಗುತ್ತಿದ್ದರೆ ಅವರಿಗೆ ಬೈನಾಕ್ಯುಲರ್ ಕೊಟ್ಟು ನೀವು ಪೆನ್ಸಿಲ್ ಹಿಡಿಯಿರಿ. ಮಕ್ಕಳಿಗಾದರೆ ಭೂತಗನ್ನಡಿ.